ಲಿಖಿತವೂ ಸಾಕ್ಷಿಯೂ: ಇಂಗ್ಲೆಂಡಿನ ಆಶ್ರಯಾಲಯಗಳಿಂದ ಹೊರಬಂದ ಸ್ತ್ರೀಯರ ಚರಿತ್ರೆಗೆ ಆಧಾರವಿಚಾರ

ಇಂಗ್ಲೆಂಡಿನ ಕುಲೀನರ ವಂಶಾವಳಿಗಳನ್ನು ಸಂಗ್ರಹಿಸಿ ಕಾಲಕಾಲಕ್ಕೆ ಪ್ರಕಟಿಸುವ 'ಬರ್ಕ್ಸ್ ಪೀರೇಜ್' ಎಂಬ ಗ್ರಂಥವೊಂದುಂಟು. ಆ ದೇಶದ ಚರಿತ್ರಕಾರರು ಅದನ್ನು ಬಹುಮಟ್ಟಿಗೆ ಪ್ರಮಾಣವೆಂದೇ ಗ್ರಹಿಸುತ್ತಾರೆ. ಅದರ 1963ನೆಯ ಇಸವಿಯ ಮುದ್ರಣದಲ್ಲಿ ಬೋಸ್-ಲಯನ್ ಮನೆತನದ ನೆರಿಸ್ಸಾ, ಕ್ಯಾಥರಿನ್ ಎಂಬ ಇಬ್ಬರು ಸಹೋದರಿಯರಲ್ಲಿ ಮೊದಲನೆಯವಳು 1940ರಲ್ಲಿಯೂ ಎರಡನೆಯವಳು 1961ರಲ್ಲಿಯೂ ಮೃತಳಾದಳೆಂದು ಬರೆದಿದೆ. ಇವರು ಆರನೆಯ ಜಾರ್ಜ್ ದೊರೆಯ ಪಟ್ಟದ ರಾಣಿಗೆ ಅಣ್ಣನ ಮಕ್ಕಳು. ಆದರೆ ಗ್ರಂಥವು ಅಚ್ಚಾದ ಕಾಲದಲ್ಲಿ ಇಬ್ಬರೂ ಜೀವಂತರಾಗಿದ್ದರು. ಸರ್ರೆ ಪ್ರಾಂತದ ರಾಯಲ್ ಅರ್ಲ್ಸ್‌ವುಡ್ ಎಂಬ ಆಸ್ಪತ್ರೆಯಲ್ಲಿ, ಬುದ್ಧಿ ಬೆಳೆಯದವರೆಂದು ಸೇರಿಸಲ್ಪಟ್ಟ ನೂರಾರು ಜನರ ನಡುವೆ, 1941ರಿಂದ ಅವರ ವಾಸ. ನೆರಿಸ್ಸಾ ತೀರಿಕೊಂಡದ್ದು 1986ರಲ್ಲಿ. ಮರುವರ್ಷ ವೃತ್ತಪತ್ರಿಕೆಗಳು ಸಂಗತಿಯನ್ನು ಹೊರಗೆಡಹಿದವು. ಆ ಆಸ್ಪತ್ರೆಯು 1997ರಲ್ಲಿ ಮುಚ್ಚಿಹೋಯಿತು. ಕ್ಯಾಥರಿನ್ 2014ರವರೆಗೆ ಬದುಕಿದ್ದಳು. ಗ್ರಂಥದ ಲೆಕ್ಕದಂತೆ ನೋಡಿದರೆ ಆಕೆಯು ಸತ್ತ ಮೇಲೆ ಐವತ್ತಮೂರು ವರ್ಷ ಬಾಳಿದಳೆಂದು ಹೇಳಬೇಕಾಗುತ್ತದೆ.

ತಪ್ಪು ಯಾರದೆಂಬ ವಿಚಾರವನ್ನು ಆ ಮನೆತನದ ಚರಿತ್ರೆಯನ್ನು ಬರೆಯುವವರಿಗೆ ಬಿಡೋಣ. ನಮಗೆ ಬೇಕಾದದ್ದು ಬೇರೆ. ಧರ್ಮಶಾಸ್ತ್ರದ ವ್ಯವಹಾರಭಾಗದಲ್ಲಿ ವಾದನಿರ್ಣಯಕ್ಕೆ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಮಾನುಷಪ್ರಮಾಣಗಳನ್ನು ಯಾಜ್ಞವಲ್ಕ್ಯನು ಹೇಳಿದ್ದಾನೆ. ಲೇಖ್ಯವು ಸಂದಿಗ್ಧವಾದಾಗ ಅದನ್ನು ಶೋಧಿಸುವ ಬಗೆಯನ್ನೂ ಹೇಳಿದ್ದಾನೆ. ಬರೆದದ್ದು ಎಂಬ ಮಾತ್ರದಿಂದಲೇ ಅದು ನಿಜವೆಂದು ನಮ್ಮ ಪ್ರಾಚೀನರು ಎಣಿಸಲಿಲ್ಲ. ಆದರೆ ಶಾಸನ, ಕಡತ, ದಾಖಲೆಗಳಲ್ಲಿಯೇ ಮುಳುಗಿ ಏಳುವ ಈಚಿನ ಚರಿತ್ರಕಾರನಾದರೋ ಲಿಖಿತಕ್ಕೆ ಅಗ್ರಪೂಜೆಯನ್ನು ಸಲ್ಲಿಸಿ ಸಾಕ್ಷಿಯನ್ನು ಬಾಗಿಲ ಹೊರಗೆ ನಿಲ್ಲಿಸುವುದು ವಾಡಿಕೆಯಾಗಿದೆ. ಇತರ ವಿಷಯಗಳಲ್ಲಿ ಇದರಿಂದ ಎಷ್ಟು ಹಾನಿಯೋ ತಿಳಿಯದು. ಬೌದ್ಧಿಕ ವೈಕಲ್ಯವುಳ್ಳವರೆಂದು ಹೆಸರಿಟ್ಟು ಇಂಗ್ಲೆಂಡಿನಲ್ಲಿ ಆಶ್ರಯಾಲಯಗಳಿಗೆ ಸೇರಿಸಿದ ಸ್ತ್ರೀಯರ ಚರಿತ್ರೆಯಲ್ಲಿ, ಅದರಲ್ಲಿಯೂ ಅವರು ಅಲ್ಲಿಂದ ಹೊರಬಂದ ಚರಿತ್ರೆಯಲ್ಲಿ, ಸಾಕ್ಷಿಯನ್ನು ಬಿಟ್ಟರೆ ಅರ್ಧಕ್ಕಿಂತ ಹೆಚ್ಚಿನದು ಲೋಪವಾಗುತ್ತದೆಂಬುದೂ, ಉಳಿದ ಅರ್ಧವೂ ವಿಪರೀತವಾಗಿ ಕಾಣುತ್ತದೆಂಬುದೂ ಈ ಲೇಖನದ ಪ್ರತಿಪಾದ್ಯವಾಗಿದೆ. ಏಕೆಂದರೆ ಇಲ್ಲಿ ಬರೆದವರೆಲ್ಲ ಒಂದು ಪಕ್ಷ. ಯಾರ ವಿಷಯವಾಗಿ ಬರೆಯಲಾಯಿತೋ ಅವರಲ್ಲಿ ಬಹುಮಂದಿಗೆ ಓದುವುದಕ್ಕೇ ಬರುತ್ತಿರಲಿಲ್ಲ.

ಶಬ್ದದ ವಿಷಯವಾಗಿ ಮೊದಲು ಸ್ವಲ್ಪ ಹೇಳಬೇಕು. ಬೌದ್ಧಿಕ ವೈಕಲ್ಯವೆಂಬುದು ಈಗಿನ ಮಾತು. ಹಳೆಯ ಕಾನೂನಿನ ಹೆಸರುಗಳು ಈ ಲೇಖನದಲ್ಲಿ ಬಂದರೆ ಅವು ಆ ಕಾನೂನಿನವೇ ಹೊರತು ಲೇಖಕನವಲ್ಲ. ನಮ್ಮ ಪೂರ್ವಗ್ರಂಥಗಳಲ್ಲಿ ಇದಕ್ಕೆ ಹತ್ತಿರವಾದ ಶಬ್ದ 'ಜಡ'. ದಾಯವಿಭಾಗಪ್ರಕರಣದಲ್ಲಿ ಉನ್ಮತ್ತನನ್ನೂ ಜಡನನ್ನೂ ಯಾಜ್ಞವಲ್ಕ್ಯನು ಬೇರೆಬೇರೆಯಾಗಿ ಎಣಿಸಿದ್ದಾನೆ. ಕಲ್ಯಾಣದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಉನ್ಮತ್ತನೆಂದರೆ ವಾತಪಿತ್ತಾದಿ ದೋಷಗಳಿಂದಲೋ ಗ್ರಹಾವೇಶದಿಂದಲೋ ಉನ್ಮಾದಕ್ಕೆ ಒಳಗಾದವನೆಂದೂ, ಜಡನೆಂದರೆ ಅಂತಃಕರಣವು ವಿಕಲವಾಗಿ ಹಿತಾಹಿತಗಳನ್ನು ನಿಶ್ಚಯಿಸಲಾರದವನೆಂದೂ ವಿವರಿಸುತ್ತಾನೆ. ಒಂದು ಬಂದು ಹೋಗಬಹುದಾದ ರೋಗ, ಇನ್ನೊಂದು ಸ್ಥಿತಿ ಎಂಬ ಈ ಭೇದವು ಹನ್ನೊಂದು ಹನ್ನೆರಡನೆಯ ಶತಮಾನದ ಹೊತ್ತಿಗೇ ಸ್ಫುಟವಾಗಿತ್ತು. 1912ರಲ್ಲಿ ನಮ್ಮ ದೇಶಕ್ಕೆ ಬ್ರಿಟಿಷರು ಮಾಡಿದ ಉನ್ಮತ್ತರ ಕಾನೂನು ಎರಡನ್ನೂ ಒಂದೇ ಶಬ್ದದಲ್ಲಿ ಕಲಸಿಬಿಟ್ಟಿತೆಂಬುದನ್ನೂ, ಅವನ್ನು ಮತ್ತೆ ಬೇರ್ಪಡಿಸಲು 1987ರ ಕಾನೂನು ಬರಬೇಕಾಯಿತೆಂಬುದನ್ನೂ ನೆನೆದರೆ ವಿಜ್ಞಾನೇಶ್ವರನ ಸೂಕ್ಷ್ಮತೆಯಲ್ಲಿ ಗೌರವ ಹುಟ್ಟುತ್ತದೆ. ಹಾಗೆಂದು ನಮ್ಮ ಸ್ಮೃತಿಯು ನಿರ್ದೋಷವೆಂದು ಹೇಳುವುದಲ್ಲ. ಅದು ಜಡನಿಗೆ ಭರಣವನ್ನು ವಿಧಿಸಿ ಭಾಗವನ್ನು ಕಿತ್ತುಕೊಂಡಿತು. ಹುಟ್ಟುಜಡನಿಗೆ ದಾಯವಿಲ್ಲವೆಂಬ ಆ ನಿಯಮವು 1928ರ ತಿದ್ದುಪಡಿಯಲ್ಲಿಯೂ ಉಳಿದು, 1956ರ ಹಿಂದೂ ಉತ್ತರಾಧಿಕಾರದ ಕಾನೂನಿನಿಂದಲೇ ತೊಲಗಿತು. ಪೋಷಣೆಯನ್ನು ಕೊಟ್ಟು ಅದರ ಬೆಲೆಯಾಗಿ ಬೇರೇನನ್ನೋ ತೆಗೆದುಕೊಳ್ಳುವ ಕ್ರಮ ಇಲ್ಲಿಯೂ ಇತ್ತು, ಅಲ್ಲಿಯೂ ಇತ್ತು. ನಮ್ಮವರು ಆಸ್ತಿಯನ್ನು ತೆಗೆದುಕೊಂಡರು. ಇಂಗ್ಲೆಂಡಿನವರು ತಲೆಬಾಗಿಲ ಬೀಗದ ಕೈಯನ್ನು ತೆಗೆದುಕೊಂಡರು.

ಇನ್ನು ಆ ದೇಶದ ಕಾನೂನಿಗೆ ಬರೋಣ. 1904ರಲ್ಲಿ ನೇಮಕವಾದ ರಾಜನಿಯೋಗವೊಂದು ಮಂದಬುದ್ಧಿಯವರ ಸ್ಥಿತಿಯನ್ನು ವಿಚಾರಿಸಿ 1908ರಲ್ಲಿ ವರದಿಯನ್ನು ಒಪ್ಪಿಸಿತು. ಸುಸಂತಾನಶಾಸ್ತ್ರವೆಂಬ ಹೆಸರಿನಿಂದ ಆಗ ಯೂರೋಪು ಅಮೆರಿಕಗಳಲ್ಲಿ ಹಬ್ಬಿದ್ದ ಭೀತಿಯು ಅದಕ್ಕೆ ಪೋಷಕವಾಯಿತು. ಮಂದಬುದ್ಧಿಯ ಸ್ತ್ರೀಯು ಮಂದಬುದ್ಧಿಯ ಮಕ್ಕಳನ್ನೇ ಹೆರುವಳು, ಅದರಿಂದ ಜನಾಂಗವೇ ಹೀನವಾಗುವುದು ಎಂಬುದು ಆ ಭೀತಿಯ ತಿರುಳು. ಇದರ ಫಲವಾಗಿ 1913ರಲ್ಲಿ ಪಾರ್ಲಿಮೆಂಟು ಬುದ್ಧಿನ್ಯೂನತೆಯ ಕಾನೂನನ್ನು ಅಂಗೀಕರಿಸಿತು. 1914ರ ಏಪ್ರಿಲಿನಿಂದ ಅದು ಜಾರಿಗೆ ಬಂದಿತು. ಜೊಸಾಯ ವೆಜ್‌ವುಡ್ ಎಂಬ ಸದಸ್ಯನು ಅದನ್ನು ಹಟತೊಟ್ಟು ವಿರೋಧಿಸಿದನು. ಅವನ ಜೊತೆಗೆ ನಿಂತವರು ಬೆರಳೆಣಿಕೆಯ ಜನ.

ಕಾನೂನು ನಾಲ್ಕು ವರ್ಗಗಳನ್ನು ಮಾಡಿತು. ಬೆಂಕಿ ನೀರುಗಳಂಥ ಸಾಮಾನ್ಯ ಅಪಾಯಗಳಿಂದಲೂ ತನ್ನನ್ನು ಕಾಪಾಡಿಕೊಳ್ಳಲಾರದವನು 'ಈಡಿಯಟ್'. ಅಷ್ಟು ಹೀನಸ್ಥಿತಿಯಲ್ಲದಿದ್ದರೂ ತನ್ನ ವ್ಯವಹಾರವನ್ನು ತಾನು ನೋಡಿಕೊಳ್ಳಲಾರದವನು 'ಇಂಬೆಸೈಲ್'. ಅದಕ್ಕಿಂತ ಮೇಲಿದ್ದು, ತನ್ನ ಅಥವಾ ಪರರ ರಕ್ಷಣೆಗಾಗಿ ಪಾಲನೆ, ಮೇಲ್ವಿಚಾರಣೆ, ನಿಗ್ರಹಗಳು ಬೇಕಾದವನು 'ಫೀಬಲ್ ಮೈಂಡೆಡ್'. ಬುದ್ಧಿನ್ಯೂನತೆಯೊಡನೆ ಶಿಕ್ಷೆಗೂ ಅಳುಕದ ದುಷ್ಪ್ರವೃತ್ತಿಯುಳ್ಳವನು 'ಮಾರಲ್ ಇಂಬೆಸೈಲ್'. ತರ್ಕಪಾಠಶಾಲೆಯ ಮೊದಲ ವರ್ಷದ ವಿದ್ಯಾರ್ಥಿಯೂ ಮೂರನೆಯ ಲಕ್ಷಣದಲ್ಲಿರುವ ದೋಷವನ್ನು ತೋರಿಸಬಲ್ಲನು. ಯಾರನ್ನು ನಿಗ್ರಹದಲ್ಲಿಡಬೇಕು? ಮಂದಬುದ್ಧಿಯವಳನ್ನು. ಮಂದಬುದ್ಧಿಯವಳು ಯಾರು? ನಿಗ್ರಹದಲ್ಲಿಡಬೇಕಾದವಳು. ಇದು ಶುದ್ಧವಾದ ಅನ್ಯೋನ್ಯಾಶ್ರಯ. ಇಂಥ ಲಕ್ಷಣಕ್ಕೆ ಅತಿವ್ಯಾಪ್ತಿಯು ತಪ್ಪುವುದಿಲ್ಲ. ಲಕ್ಷ್ಯವಲ್ಲದವರೂ ಅದರೊಳಗೆ ಬೀಳುತ್ತಾರೆ. ಶಾಸ್ತ್ರಗ್ರಂಥದಲ್ಲಾದರೆ ಅತಿವ್ಯಾಪ್ತಿಯು ಪ್ರತಿವಾದಿಯ ಮುಂದೆ ನಾಚಿಕೆಯನ್ನು ತರುವಷ್ಟಕ್ಕೆ ಮುಗಿಯುವುದು. ಕಾನೂನಿನಲ್ಲಿ ಬಂದ ಅತಿವ್ಯಾಪ್ತಿಯು ಮನುಷ್ಯರನ್ನು ನಲವತ್ತು ವರ್ಷ ಕೂಡಿಹಾಕುತ್ತದೆ.

ಅದು ಸ್ತ್ರೀಯರ ಮೇಲೆ ವಿಶೇಷವಾಗಿ ಬಿದ್ದುದಕ್ಕೆ ಕಾರಣ ಕಾನೂನಿನ ಎರಡನೆಯ ಪ್ರಕರಣದಲ್ಲಿಯೇ ಇದೆ. ನ್ಯೂನಬುದ್ಧಿಯವರೆಲ್ಲರನ್ನೂ ಹಿಡಿದು ತರುವುದು ಕಾನೂನಿನ ಉದ್ದೇಶವಾಗಿರಲಿಲ್ಲ. ಅವರು ಅನಾಥರಾಗಿಯೋ ನಿರ್ಲಕ್ಷ್ಯಕ್ಕೆ ಗುರಿಯಾಗಿಯೋ ಕಂಡುಬಂದಿರಬೇಕು, ಅಪರಾಧವನ್ನು ಮಾಡಿರಬೇಕು, ಇಲ್ಲವೆ ಹೇಳಿದ ಬೇರೆ ಕೆಲವು ಸ್ಥಿತಿಗಳಲ್ಲಿರಬೇಕು. ಆ ಸ್ಥಿತಿಗಳಲ್ಲಿ ಒಂದು ಇದು: ದರಿದ್ರರಿಗೆಂದು ಸರಕಾರವು ಕೊಡುವ ಸಹಾಯವನ್ನು ಪಡೆಯುತ್ತಿರುವಾಗ, ಮದುವೆಯಿಲ್ಲದೆ ಗರ್ಭಿಣಿಯಾಗಿರುವುದು ಅಥವಾ ಮಗುವನ್ನು ಹೆತ್ತಿರುವುದು. ಪುರುಷನಿಗೆ ಇದಕ್ಕೆ ಸಮನಾದ ಸ್ಥಿತಿಯೊಂದನ್ನು ಕಾನೂನು ಹೇಳಿಲ್ಲ. ಬಡ ಹುಡುಗಿಯೊಬ್ಬಳು ಮೋಸಹೋಗಿಯೋ ಬಲಾತ್ಕಾರಕ್ಕೆ ಸಿಕ್ಕಿಯೋ ಬಸುರಾಗಿ ದರಿದ್ರಾಲಯದ ಬಾಗಿಲಿಗೆ ಬಂದರೆ, ಆಕೆಯ ಮಂದಬುದ್ಧಿಗೆ ಆಕೆಯ ಬಸುರೇ ಹೇತುವಾಗಿಯೂ ದೃಷ್ಟಾಂತವಾಗಿಯೂ ತೋರಿಬರುವಂತಾಯಿತು. ಮಗುವನ್ನು ಬೇರೆಡೆಗೆ ಕಳುಹಿಸಿ ತಾಯಿಯನ್ನು 'ಕಾಲನಿ' ಎಂದು ಕರೆಯುವ ಆಶ್ರಯಾಲಯಕ್ಕೆ ಸೇರಿಸುತ್ತಿದ್ದರು. ಮೊದಲನೆಯ ಆಜ್ಞೆಗೆ ಒಂದು ವರ್ಷದ ಅವಧಿ. ಆ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 1927ರ ತಿದ್ದುಪಡಿಯು ನ್ಯೂನತೆಯು ಹದಿನೆಂಟು ವರ್ಷದೊಳಗೆ ಉಂಟಾಗಿರಬೇಕೆಂದು ಲಕ್ಷಣವನ್ನು ಕೊಂಚ ತಿದ್ದಿತು, ರೋಗದಿಂದಲೋ ಪೆಟ್ಟಿನಿಂದಲೋ ಬಂದ ನ್ಯೂನತೆಯನ್ನೂ ಸೇರಿಸಿಕೊಂಡಿತು. ಬಾಗಿಲು ಇನ್ನಷ್ಟು ಅಗಲವಾಯಿತು, ಒಳಗೆ ಹೋಗುವುದಕ್ಕೆ.

ಒಳಗೆ ಹೋದವರಲ್ಲಿ ಕೆಲಸ ಬಲ್ಲ ಸ್ತ್ರೀಯರು ಬಟ್ಟೆ ಒಗೆಯುವ ಶಾಲೆಯಲ್ಲಿ, ಹೊಲಿಗೆಯ ಕೋಣೆಯಲ್ಲಿ, ಅಡುಗೆಮನೆಯಲ್ಲಿ ದುಡಿದರು. ತಮಗಿಂತ ಹೆಚ್ಚು ವೈಕಲ್ಯವುಳ್ಳ ಮಕ್ಕಳಿಗೆ ಉಣ್ಣಿಸಿ, ತೊಳೆದು, ಮಲಗಿಸಿದರು. ಹೊರಗೆ ತನ್ನ ಕೂಸನ್ನು ಸಾಕಲಾರಳೆಂದು ನಿಶ್ಚಯಿಸಿ ತಂದವಳ ಕೈಗೆ ಒಳಗೆ ಹತ್ತು ಕೂಸುಗಳನ್ನು ಒಪ್ಪಿಸಿದ್ದು ವಿಚಿತ್ರವಲ್ಲವೆ? ಸಾಹಿತ್ಯವನ್ನು ಪಾಠಹೇಳುವ ವಾಚಕರಿಗೆ ಭಾಗವತದ ಐದನೆಯ ಸ್ಕಂಧದ ಭರತನು ನೆನಪಿಗೆ ಬರಬಹುದು. ಅವನನ್ನು ಜಡನೆಂದು ತಿಳಿದ ಅಣ್ಣಂದಿರು ಹೊಲದ ಕೆಲಸಕ್ಕೆ ಹಚ್ಚಿದರು. ರಹೂಗಣನ ಸೇವಕರು ಪಲ್ಲಕ್ಕಿಗೆ ಹೆಗಲು ಕೊಡಿಸಿದರು. ಜಡನೆಂಬ ಹೆಸರು ಬಂದ ಮೇಲೆ ಕೂಲಿಯ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಆದರೆ ಈ ಹೋಲಿಕೆಯನ್ನು ತುಂಬ ಎಳೆಯಬಾರದು. ಭರತನು ಜ್ಞಾನಿಯಾಗಿದ್ದನೆಂದು ಗೊತ್ತಾದ ಮೇಲೆ ರಾಜನು ಇಳಿದು ಕಾಲಿಗೆ ಬಿದ್ದನು. ಅವನು ನಿಜವಾಗಿಯೂ ಮಂದನೇ ಆಗಿದ್ದರೆ ಆ ರಾಜನು ಏನು ಮಾಡುತ್ತಿದ್ದನು? ಪುರಾಣವು ಈ ಪ್ರಶ್ನೆಗೆ ಉತ್ತರವನ್ನು ಹೇಳುವುದಿಲ್ಲ. ನಮ್ಮ ಚರಿತ್ರೆಯ ತಿರುವು ಇರುವುದು ಅಲ್ಲಿಯೇ. ಅದನ್ನು ಮುಂದೆ ನೋಡೋಣ.

ಹೊರಬರುವ ಮಾರ್ಗಗಳು ಬಹಳ ಇರಲಿಲ್ಲ. ಮುಖ್ಯವಾದದ್ದು 'ಲೈಸೆನ್ಸು', ಎಂದರೆ ಆಜ್ಞೆಯು ಊರ್ಜಿತವಾಗಿದ್ದಂತೆಯೇ ಕೆಲಕಾಲ ಹೊರಗಿರುವ ಅಪ್ಪಣೆ. ಸ್ತ್ರೀಯರಿಗೆ ಇದು ಸಾಮಾನ್ಯವಾಗಿ ಯಾರದೋ ಮನೆಯ ಚಾಕರಿಯ ರೂಪದಲ್ಲಿ ಬರುತ್ತಿತ್ತು. ಹೊತ್ತಿಗೆ ಸರಿಯಾಗಿ ಮನೆಗೆ ಬರಬೇಕು, ಪುರುಷರೊಡನೆ ಮಾತುಕತೆ ಕೂಡದು, ಯಜಮಾನಿಯ ದೂರು ಬಂದರೆ ಹಿಂದಕ್ಕೆ. ಕೆಲವು ವರ್ಷ ಹೀಗೆ ಕಳಂಕವಿಲ್ಲದೆ ನಡೆದುಕೊಂಡವಳಿಗೆ ಪೂರ್ಣವಿಮೋಚನೆಯು ದೊರೆಯಬಹುದಾಗಿತ್ತು, ದೊರೆಯದೆಯೂ ಇರಬಹುದಾಗಿತ್ತು. ಒಳ್ಳೆಯ ಕೆಲಸಗಾತಿಯನ್ನು ಬಿಟ್ಟುಕೊಡಲು ಆಲಯದ ಅಧಿಕಾರಿಗೆ ಮನಸ್ಸಿರುತ್ತಿರಲಿಲ್ಲ. ಕೆಲಸ ಬಾರದವಳನ್ನು ಕೊಳ್ಳಲು ಹೊರಗಿನವರಿಗೆ ಮನಸ್ಸಿರುತ್ತಿರಲಿಲ್ಲ. ಇದಕ್ಕೆ ಹೊರತಾದ ಇನ್ನೊಂದು ಮಾರ್ಗ ಓಡಿಹೋಗುವುದು. ಕಡತಗಳಲ್ಲಿ ಅದನ್ನು ರೋಗದ ಲಕ್ಷಣವೆಂಬಂತೆ ಬರೆಯುವ ರೂಢಿಯಿತ್ತು.

ಪೌರಸ್ವಾತಂತ್ರ್ಯಗಳ ರಾಷ್ಟ್ರೀಯ ಸಭೆಯು 1951ರಲ್ಲಿ 'ಕಾನೂನಿನ ಹೊರಗಿರುವ ಐವತ್ತು ಸಾವಿರ ಜನ' ಎಂಬ ಅರ್ಥದ ಹೆಸರಿನಲ್ಲಿ ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿತು. ಹೆಸರೇ ಆಪಾದನೆಯಾಗಿತ್ತು. ಆದರೆ ಬಾಗಿಲನ್ನು ನಿಜವಾಗಿ ಅಲುಗಿಸಿದ್ದು 1956ರಲ್ಲಿ ತೀರ್ಮಾನವಾದ ರಟ್ಟಿ ಮೊಕದ್ದಮೆ. ಸ್ಥಳೀಯ ಸರಕಾರದ ಪಾಲನೆಯಲ್ಲಿಯೇ ಬೆಳೆದಿದ್ದ ಹುಡುಗಿಯೊಬ್ಬಳನ್ನು ಹದಿನೇಳನೆಯ ವಯಸ್ಸಿನಲ್ಲಿ, 1937ರಲ್ಲಿ, 'ನಿರ್ಲಕ್ಷ್ಯಕ್ಕೆ ಗುರಿಯಾಗಿ ಕಂಡುಬಂದವಳು' ಎಂಬ ಆಧಾರದ ಮೇಲೆ ಆಶ್ರಯಾಲಯಕ್ಕೆ ಸೇರಿಸಿದ್ದರು. ಹೇಬಿಯಸ್ ಕಾರ್ಪಸ್ ಅರ್ಜಿಯು ಮುಂದೆ ಬಂದಾಗ ಮುಖ್ಯ ನ್ಯಾಯಾಧೀಶನಾದ ಗೊಡಾರ್ಡ್ ಪ್ರಭುವಿನ ನ್ಯಾಯಪೀಠವು ಸರಳವಾದ ಒಂದು ಪ್ರಶ್ನೆಯನ್ನು ಹಾಕಿತು. ಸರಕಾರವೇ ಅನ್ನವಸ್ತ್ರಗಳನ್ನು ಕೊಟ್ಟು ಇಟ್ಟುಕೊಂಡಿದ್ದವಳು ನಿರ್ಲಕ್ಷ್ಯಕ್ಕೆ ಗುರಿಯಾಗಿ ಕಂಡುಬಂದದ್ದು ಎಲ್ಲಿ, ಯಾರಿಗೆ? ಉತ್ತರವಿರಲಿಲ್ಲ. ಆಜ್ಞೆಯು ರದ್ದಾಯಿತು. ಇಷ್ಟು ವರ್ಷ ಒಂದು ಲಿಖಿತವು ಆಕೆಯನ್ನು ಹಿಡಿದಿತ್ತು. ಅದನ್ನು ಶೋಧಿಸಿ ನೋಡಿದವರು ಒಬ್ಬರೂ ಇರಲಿಲ್ಲ. ಅದೇ ಬಗೆಯ ಆಜ್ಞೆಗಳ ಮೇಲೆ ಇಡಲ್ಪಟ್ಟಿದ್ದ ಇತರರ ಕಡತಗಳನ್ನೂ ಆಮೇಲೆ ತೆರೆಯಬೇಕಾಗಿ ಬಂದು ಅನೇಕರು ಬಿಡುಗಡೆಹೊಂದಿದರು. ಪರ್ಸಿ ಪ್ರಭುವಿನ ಅಧ್ಯಕ್ಷತೆಯ ರಾಜನಿಯೋಗವು 1957ರಲ್ಲಿ ವರದಿಯನ್ನು ಕೊಟ್ಟಿತು. 1959ರ ಕಾನೂನಿನಿಂದ 1913ರದು ರದ್ದಾಯಿತು. ಸ್ವೈರಾಚಾರ ಮೊದಲಾದ ನೀತಿಬಾಹಿರ ನಡತೆಯ ಮಾತ್ರದಿಂದಲೇ ಯಾರನ್ನೂ ಮನೋವಿಕಾರವುಳ್ಳವರೆಂದು ಎಣಿಸಕೂಡದೆಂದು ಹೊಸ ಕಾನೂನು ಎತ್ತಿ ಹೇಳಿತು. ಎತ್ತಿ ಹೇಳಬೇಕಾಗಿ ಬಂದದ್ದೇ ಹಿಂದೆ ಏನು ನಡೆಯುತ್ತಿತ್ತೆಂಬುದಕ್ಕೆ ಜ್ಞಾಪಕವಾಗಿದೆ. ಅಪ್ರಸಕ್ತವಾದುದಕ್ಕೆ ನಿಷೇಧವಿಲ್ಲವೆಂಬುದು ಮೀಮಾಂಸಕರ ಮತವಷ್ಟೆ.

ಈ ಘಟ್ಟದಲ್ಲಿ ವಿವೇಚಕನು ಸ್ವಲ್ಪ ನಿಲ್ಲಬೇಕು. 1956ರ ತೀರ್ಪಿನಿಂದ ಹೊರಬಂದವರ ಪರವಾದ ಯುಕ್ತಿಯು 'ಇವಳು ಲಕ್ಷ್ಯವಲ್ಲ, ತಪ್ಪಾಗಿ ಒಳಗೆ ಬಿದ್ದಳು' ಎಂಬುದು. ಯುಕ್ತಿಯು ಸರಿಯೇ. ಆದರೆ ಅದರಿಂದ ಇನ್ನೊಂದು ಧ್ವನಿಯೂ ಹೊರಡುತ್ತದೆ: ನಿಜವಾಗಿ ಲಕ್ಷ್ಯವಾದವಳು ಒಳಗಿರುವುದು ಯುಕ್ತ. ಈ ಚರಿತ್ರೆಯನ್ನು ಬರೆದ ಕೆಲವರು ಇಲ್ಲಿಯೇ ನಿಂತುಬಿಡುತ್ತಾರೆ. ಬುದ್ಧಿವಂತೆಯಾದ ಹೆಣ್ಣುಮಗಳು ಅನ್ಯಾಯವಾಗಿ ಬಂಧನಕ್ಕೊಳಗಾದ ಕಥೆಯು ಮನಸ್ಸನ್ನು ಕರಗಿಸುತ್ತದೆ. ಓದುಗರು ಅದನ್ನೇ ಬಯಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಚರಿತ್ರೆಯ ಪೂರ್ವಾರ್ಧ ಮಾತ್ರ. ಲಕ್ಷಣದ ದೋಷವನ್ನು ತೋರಿಸುವುದು ಒಂದು. ಲಕ್ಷಣವು ಸರಿಯಾಗಿ ಅನ್ವಯಿಸಿದರೂ ಅದರಿಂದ ಬಂಧನವು ಸಿದ್ಧಿಸುವುದಿಲ್ಲವೆಂದು ತೋರಿಸುವುದು ಇನ್ನೊಂದು. ಎರಡನೆಯದು ವ್ಯಾಪ್ತಿಯ ಪ್ರಶ್ನೆ. ಎಲ್ಲಿ ಬುದ್ಧಿಮಾಂದ್ಯವೋ ಅಲ್ಲಿ ಬೀಗವೆಂಬ ವ್ಯಾಪ್ತಿಯನ್ನು ಗ್ರಹಿಸಿದವರು ಯಾರು, ಎಷ್ಟು ಸಲ, ಯಾವ ಅಡುಗೆಮನೆಯಲ್ಲಿ?

ಆ ಎರಡನೆಯ ವಿಚಾರವು ಎದ್ದದ್ದು ತಡವಾಗಿ, ಅದೂ ಒಂದು ಹಗರಣದಿಂದ. ವೇಲ್ಸಿನ ಕಾರ್ಡಿಫ್ ನಗರದ ಈಲಿ ಆಸ್ಪತ್ರೆಯಲ್ಲಿ ರೋಗಿಗಳನ್ನು ಹಿಂಸಿಸುತ್ತಿದ್ದ ಸಂಗತಿಯು 1969ರಲ್ಲಿ ಪ್ರಕಟವಾದ ವಿಚಾರಣೆಯ ವರದಿಯಿಂದ ಬಯಲಾಯಿತು. ಅದೇ ವರ್ಷ ಪಾಲಿನ್ ಮಾರಿಸ್ ಎಂಬ ವಿದುಷಿಯು ಇಂಥ ಆಸ್ಪತ್ರೆಗಳನ್ನು ಪರಿಶೀಲಿಸಿ ಬರೆದ ಗ್ರಂಥವೂ ಹೊರಬಂತು. 1971ರಲ್ಲಿ ಸರಕಾರವು ಆಸ್ಪತ್ರೆಗಳಲ್ಲಿನ ಸ್ಥಾನಗಳನ್ನು ಸುಮಾರು ಅರ್ಧಕ್ಕೆ ಇಳಿಸಿ, ಊರುಕೇರಿಗಳಲ್ಲಿ ವಾಸಕ್ಕೆ ಏರ್ಪಾಡು ಮಾಡಬೇಕೆಂಬ ನೀತಿಯನ್ನು ಸಾರಿತು. ಸಾರಿದಷ್ಟು ಬೇಗ ಅದು ನಡೆಯಲಿಲ್ಲ. ಸರ್ರೆಯ ಕೇಟರಮ್ ಎಂಬಲ್ಲಿ 1870ರಲ್ಲಿ ತೆರೆದಿದ್ದ ಸೇಂಟ್ ಲಾರೆನ್ಸ್ ಆಸ್ಪತ್ರೆಯ ಸ್ಥಿತಿಯನ್ನು 1981ರಲ್ಲಿ ದೂರದರ್ಶನದ ಚಿತ್ರವೊಂದು ದೇಶಕ್ಕೆಲ್ಲ ತೋರಿಸಿದಾಗಲೂ ಅಲ್ಲಿ ಜನರಿದ್ದರು. ಕೆಂಟ್ ಪ್ರಾಂತದ ಡಾರೆಂತ್ ಪಾರ್ಕ್ 1988ರಲ್ಲಿ ಮುಚ್ಚಿತು. ದೊಡ್ಡ ಆಲಯಗಳಲ್ಲಿ ಮೊದಲು ಮುಚ್ಚಿದ್ದು ಅದೇ. ಸೇಂಟ್ ಲಾರೆನ್ಸ್ ಮುಚ್ಚಿದ್ದು 1990ರ ದಶಕದಲ್ಲಿ.

ಇದಿಷ್ಟೂ ಲಿಖಿತದಿಂದ ದೊರೆಯುವ ಚರಿತ್ರೆ. ವರದಿಗಳ ವರ್ಷಗಳನ್ನು ಸಾಲಾಗಿಟ್ಟರೆ ರಾಜನಿಯೋಗಗಳೂ ಮಂತ್ರಿಗಳೂ ಸೇರಿ ಹೆಂಗಸರನ್ನು ಹೊರಕ್ಕೆ ತಂದರೆಂದು ತೋರುತ್ತದೆ. ಹೊರಕ್ಕೆ ಬಂದವರನ್ನು ಕೇಳಿದಾಗ ಬೇರೆ ಚಿತ್ರ ಕಾಣುತ್ತದೆ.

ಕೇಳುವ ಕೆಲಸವನ್ನು ಪ್ರಾರಂಭಿಸಿದವರಲ್ಲಿ ಲೀಡ್ಸ್ ನಗರದ ಮೀನ್‌ವುಡ್ ಪಾರ್ಕ್ ಎಂಬ ಕಾಲನಿಯ ವಾಸಿಗಳ ಬಾಯಿಂದ ಅವರ ವೃತ್ತಾಂತಗಳನ್ನು ಬರೆದುಕೊಂಡ ಮ್ಯಾಗಿ ಪಾಟ್ಸ್, ರೆಬೆಕಾ ಫೈಡೊ ಎಂಬಿಬ್ಬರು ಮುಖ್ಯರು. 1991ರ ಅವರ ಪುಸ್ತಕದ ಹೆಸರಿನ ಅರ್ಥ 'ಒಯ್ಯತಕ್ಕ ವ್ಯಕ್ತಿ' ಎಂದು. ಸೇರಿಸುವ ಆಜ್ಞೆಯ ಪತ್ರದಲ್ಲಿದ್ದ ಮಾತನ್ನೇ ಅವರು ಎತ್ತಿ ಮುಖಪುಟದ ಮೇಲೆ ಇಟ್ಟರು. 1997ರಲ್ಲಿ ಡಾರತಿ ಅಟ್ಕಿನ್ಸನ್, ಮಾರ್ಕ್ ಜಾಕ್ಸನ್, ಜ್ಯಾನ್ ವಾಮ್ಸ್‌ಲಿ ಎಂಬ ವಿದ್ವಾಂಸರು ಸಂಪಾದಿಸಿದ 'ಮರೆತ ಬಾಳುಗಳು' ಎಂಬರ್ಥದ ಗ್ರಂಥದಲ್ಲಿ ವಿದ್ವತ್ಪ್ರಬಂಧಗಳ ಜೊತೆಗೆ ಸಮಾನವಾದ ಸ್ಥಾನದಲ್ಲಿ ಮೇಬಲ್ ಕೂಪರ್ ಎಂಬಾಕೆಯ ಆತ್ಮವೃತ್ತಾಂತವೂ ಅ‍ಚ್ಚಾಯಿತು. ಆಕೆಗೆ ಓದುಬರಹ ಬರುತ್ತಿರಲಿಲ್ಲ. ಆಕೆ ಹೇಳಿದಳು, ಅಟ್ಕಿನ್ಸನ್ ಧ್ವನಿಮುದ್ರಿಸಿ ಬರೆದುಕೊಂಡಳು, ಬರೆದದ್ದನ್ನು ಓದಿ ಹೇಳಿ ಒಪ್ಪಿಗೆ ಪಡೆದಳು. ವ್ಯಾಸ ಗಣಪತಿಗಳ ಒಪ್ಪಂದವು ನಮಗೆ ಹೊಸದಲ್ಲ. ಹೇಳಿದವನನ್ನು ಬಿಟ್ಟು ಬರೆದವನನ್ನು ಕರ್ತೃವೆಂದು ನಾವು ಯಾರೂ ಕರೆಯುವುದಿಲ್ಲ. ಹೇಳಿದವಳೇ ಕರ್ತೃವೆಂದು ಒಪ್ಪಿಕೊಳ್ಳಲು ಅಲ್ಲಿನ ವಿದ್ವತ್ಪ್ರಪಂಚಕ್ಕೆ ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಕಾಲ ಬೇಕಾಯಿತು.

ಮೇಬಲ್ ಕೂಪರ್ ಹುಟ್ಟಿದ್ದು 1944ರಲ್ಲಿ, ಲಂಡನ್ನಿನಲ್ಲಿ. ಹಸುಗೂಸಾಗಿರುವಾಗಲೇ ತಾಯಿಯಿಂದ ಬೇರ್ಪಟ್ಟು, ಮಕ್ಕಳ ಆಲಯಗಳಲ್ಲಿ ಬೆಳೆದು, 1950ರ ದಶಕದಲ್ಲಿ ಸೇಂಟ್ ಲಾರೆನ್ಸನ್ನು ಸೇರಿದಳು. ಅಲ್ಲಿ ಸುಮಾರು ಇಪ್ಪತ್ತು ವರ್ಷ ಇದ್ದಳು. ಒಳಗೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದು ಕಿಟಕಿಗಳ ಸರಳುಗಳೆಂದು ಆಕೆ ಹೇಳುತ್ತಾಳೆ. ಯಾವ ವರದಿಯಲ್ಲಿಯೂ ಆಲಯದ ವರ್ಣನೆ ಸರಳುಗಳಿಂದ ಆರಂಭವಾಗುವುದಿಲ್ಲ. ಹಾಸಿಗೆಗಳ ಸಂಖ್ಯೆಯಿಂದ ಆರಂಭವಾಗುತ್ತದೆ. ತನ್ನದೆಂಬ ಬಟ್ಟೆ ಇರಲಿಲ್ಲ, ಕೊಟ್ಟದ್ದನ್ನು ತೊಡಬೇಕಾಗಿತ್ತು. ಗಂಡಸರ ಭಾಗ ಬೇರೆ, ಹೆಂಗಸರ ಭಾಗ ಬೇರೆ. ಇಂಥ ಸಣ್ಣ ಸಂಗತಿಗಳೇ ಬದುಕೆಂಬುದು ಕಡತವನ್ನು ಬರೆದವನಿಗೆ ತೋರಲಿಲ್ಲ. ತೋರಬೇಕಾದ ಕಾರಣವೂ ಅವನಿಗೆ ಇರಲಿಲ್ಲ. ಸಂಜೆ ಅವನು ಮನೆಗೆ ಹೋಗುತ್ತಿದ್ದನು.

1970ರ ದಶಕದ ಕೊನೆಯ ಹೊತ್ತಿಗೆ ಹೊರಬಂದ ಆಕೆಯು ಕ್ರಾಯ್ಡನ್ನಿನಲ್ಲಿ ಸಂಸಾರವೊಂದರ ಜೊತೆ ವಾಸಮಾಡಿದಳು. ತಮ್ಮಂಥವರೇ ಕೂಡಿ ನಡೆಸುವ 'ಪೀಪಲ್ ಫಸ್ಟ್' ಎಂಬ ಸಂಘದ ಲಂಡನ್ ಶಾಖೆಗೆ ಅಧ್ಯಕ್ಷೆಯಾದಳು. ಶಾಲೆಗಳಿಗೆ ಹೋಗಿ ಮಕ್ಕಳಿಗೆ ತನ್ನ ಕಥೆಯನ್ನು ಹೇಳಿದಳು. 2010ರಲ್ಲಿ ಓಪನ್ ಯೂನಿವರ್ಸಿಟಿಯು ಆಕೆಗೆ ಗೌರವಪದವಿಯನ್ನಿತ್ತಿತು. ಆದರೆ ಆಧಾರವಿಚಾರದ ದೃಷ್ಟಿಯಿಂದ ಇದೆಲ್ಲಕ್ಕಿಂತ ಗಮನಾರ್ಹವಾದದ್ದು ಆಕೆಯು ತನ್ನ ಕಡತಗಳನ್ನು ತಾನೇ ಹುಡುಕಿಕೊಂಡು ಹೋದದ್ದು. ತಾಯಿಯು ಯಾರು, ತಾನು ಎಲ್ಲಿ ಹುಟ್ಟಿದೆನೆಂಬುದು ಆಕೆಗೆ ತಿಳಿದದ್ದು ಹಳೆಯ ದಾಖಲೆಗಳಿಂದಲೇ. ತನ್ನನ್ನು ಹಳೆಯ ಕಾನೂನಿನ ಯಾವ ಶಬ್ದಗಳಿಂದ ಬರೆದಿಟ್ಟಿದ್ದರೆಂಬುದೂ ತಿಳಿಯಿತು. ಆದುದರಿಂದ ಲಿಖಿತವು ನಿಷ್ಪ್ರಯೋಜಕವೆಂದು ಹೇಳಲು ಆಗುವುದಿಲ್ಲ. ನಾನೂ ಹಾಗೆ ಹೇಳುತ್ತಿಲ್ಲ. ಇಸವಿ, ಸ್ಥಳ, ತಾಯಿಯ ಹೆಸರು, ಇವುಗಳಲ್ಲಿ ಲಿಖಿತವು ಪ್ರಬಲ. ಏನು ನಡೆಯಿತು, ನಡೆದದ್ದು ಹೇಗೆ ಕಂಡಿತು ಎಂಬಲ್ಲಿ ಸಾಕ್ಷಿಯು ಪ್ರಬಲ. ಏಕೆ ನಡೆಯಿತೆಂಬಲ್ಲಿ ಎರಡನ್ನೂ ಎದುರುಬದುರಾಗಿಟ್ಟು ನೋಡಬೇಕು. ಬುದ್ಧಿ ಕಡಮೆಯಾದವಳ ಸಾಕ್ಷ್ಯವನ್ನು ನಂಬುವುದು ಹೇಗೆಂದು ಆಕ್ಷೇಪಿಸುವವರಿದ್ದಾರೆ. ಸಾಕ್ಷಿಯ ದೋಷಗಳನ್ನು ಸ್ಮೃತಿಕಾರರೂ ಎಣಿಸಿದ್ದಾರೆ, ನಿಜ. ಆದರೆ ವಾದದಲ್ಲಿ ಸ್ವಾರ್ಥವುಳ್ಳವನ ಸಾಕ್ಷ್ಯವು ದುಷ್ಟವೆಂಬುದನ್ನೂ ಅವರು ಮರೆತಿಲ್ಲ. ಆಲಯದ ಕಡತವನ್ನು ಬರೆದವನಿಗೆ ಆಲಯದಲ್ಲಿ ಸಂಬಳವಿತ್ತು.

ಹೊರಬಂದವರು ಹೇಳುವುದರಲ್ಲಿ ಇನ್ನೊಂದು ಸಂಗತಿಯನ್ನು ವರದಿಗಳು ಬಹುವಾಗಿ ಮುಚ್ಚುತ್ತವೆ. ಒಳಗೆ ಹೋಗುವಾಗ ಯಾರೂ ಅವರನ್ನು ಕೇಳಲಿಲ್ಲ. ಹೊರಗೆ ಕಳುಹಿಸುವಾಗಲೂ ಎಷ್ಟೋ ಮಂದಿಯನ್ನು ಕೇಳಲಿಲ್ಲ. ಇಪ್ಪತ್ತರಲ್ಲಿ ಒಳಗೆ ಬಂದು ಅರವತ್ತರಲ್ಲಿ ಹೊರಗೆ ಹೋಗಬೇಕಾದವಳಿಗೆ ಆ ಹೊತ್ತಿಗೆ ಇದ್ದ ಬಂಧುಗಳೆಂದರೆ ಪಕ್ಕದ ಹಾಸಿಗೆಯವರೇ. ಕಟ್ಟಡವನ್ನು ಖಾಲಿಮಾಡುವ ಅವಸರದಲ್ಲಿ ಒಬ್ಬಳನ್ನು ಒಂದೂರಿಗೂ ಇನ್ನೊಬ್ಬಳನ್ನು ಮತ್ತೊಂದೂರಿಗೂ ಹಂಚಿದ್ದುಂಟು. ಲೀಡ್ಸಿನ ಪುಸ್ತಕದ ಮುಖಪುಟದ ಮಾತು ಹೊರಕ್ಕೆ ಒಯ್ಯುವುದಕ್ಕೂ ಹೊಂದುತ್ತದೆಂಬುದನ್ನು ಕಂಡರೆ ವ್ಯಥೆಯಾಗುತ್ತದೆ. ಹೊರಗಡೆ ಮತ್ತೊಂದು ಕಾವಲು ಕಾದಿತ್ತು. ಗೋಡೆಯಿದ್ದಾಗ ಗೋಡೆಯೇ ಸಂತಾನವನ್ನು ತಡೆಯುತ್ತಿತ್ತು. ಗೋಡೆ ಹೋದ ಮೇಲೆ ದೇಹದ ಮೇಲೆ ಶಸ್ತ್ರವನ್ನು ಪ್ರಯೋಗಿಸಬೇಕೆಂಬ ಪ್ರಶ್ನೆಯು ನ್ಯಾಯಾಲಯಗಳ ಮುಂದೆ ಬಂದಿತು. 1976ರಲ್ಲಿ ಒಬ್ಬ ಬಾಲಕಿಯ ವಿಷಯದಲ್ಲಿ ಹೈಲ್‌ಬ್ರನ್ ಎಂಬ ನ್ಯಾಯಾಧೀಶೆಯು ಸಂತಾನಹರಣದ ಶಸ್ತ್ರಕ್ರಿಯೆಗೆ ಅನುಮತಿಯನ್ನು ನಿರಾಕರಿಸಿದಳು. 1987ರಲ್ಲಿ ಹದಿನೇಳು ವರ್ಷದ ಇನ್ನೊಬ್ಬಳ ವಿಷಯದಲ್ಲಿ ಪ್ರಭುಸಭೆಯ ನ್ಯಾಯಪೀಠವು ಅನುಮತಿಯನ್ನು ಕೊಟ್ಟಿತು. ಎರಡು ತೀರ್ಪುಗಳೂ ಅಚ್ಚಿನಲ್ಲಿವೆ, ಕಾನೂನು ವಿದ್ಯಾರ್ಥಿಗಳು ಓದುತ್ತಾರೆ. ಆ ಇಬ್ಬರು ಹುಡುಗಿಯರ ಮಾತನ್ನು ಅವುಗಳಲ್ಲಿ ಹುಡುಕಬೇಕು.

ಮುಂದೆ ಈ ವಿಷಯದಲ್ಲಿ ಕೆಲಸಮಾಡುವವರಿಗೆ ಒಂದು ವಾಸ್ತವವಾದ ತೊಡಕುಂಟು. ಇಂಗ್ಲೆಂಡಿನ ದಾಖಲೆಯ ಭಂಡಾರಗಳಲ್ಲಿ ರೋಗಿಗಳ ವೈಯಕ್ತಿಕ ಕಡತಗಳನ್ನು ಸಾಮಾನ್ಯವಾಗಿ ನೂರು ವರ್ಷ ಮುಚ್ಚಿಡುವ ನಿಯಮವಿದೆ. ಮಾನರಕ್ಷಣೆಗೆಂದು ಮಾಡಿದ ನಿಯಮ, ಅದನ್ನು ಹಳಿಯಲಾಗದು. ಆದರೆ ರಟ್ಟಿ ಮೊಕದ್ದಮೆಯ ಕಾಲದಲ್ಲಿ ಬಿಡುಗಡೆಯಾದವರ ಕಡತಗಳು ಈ ಲೆಕ್ಕದಲ್ಲಿ 2050ರ ದಶಕದಲ್ಲಿ ತೆರೆಯುತ್ತವೆ. ಸೇಂಟ್ ಲಾರೆನ್ಸಿನ ಕೊನೆಯ ವರ್ಷಗಳವು ಅದಕ್ಕೂ ನಲವತ್ತು ವರ್ಷ ತಡೆದು ತೆರೆಯುತ್ತವೆ. ಸಾಕ್ಷಿಗಳು ಅಷ್ಟು ಕಾಲ ಕಾಯಲಾರರು. ಮೇಬಲ್ ಕೂಪರ್ 2013ರಲ್ಲಿ ತೀರಿಕೊಂಡಳು. ಆಕೆಯ ಜೊತೆಯಲ್ಲಿದ್ದು ಇಂದಿಗೂ ಜೀವಿಸಿರುವವರಿಗೆ ಎಂಬತ್ತರ ಸುಮಾರು. ಕೇಳಬೇಕಾದವರು ಈಗಲೇ ಹೋಗಿ ಕೇಳಬೇಕಾಗಿದೆ.